ಬಾತುಕೋಳಿ ನೂಡಲ್ಸ್: ಸೂಪಾ, ಫ್ರೈಯಾ? ಮೊದಲು ಹಕ್ಕಿ ನೋಡಿ

ಎರಡು ವರ್ಷದ ಹಿಂದೆ ಶಹಾಪುರ ಕಡೆಯ ನೆಂಟರ ಮನೆಯಿಂದ ಒಂದು ಬಾತುಕೋಳಿ ಬಂತು. ಅವರದು ನಾರಾಯಣಪುರ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಮನೆ. ಗದ್ದೆ ಬದುವಿನಲ್ಲಿ ಐದಾರು ಬಾತು ಯಾವಾಗಲೂ ಓಡಾಡಿಕೊಂಡಿರುತ್ತವೆ. ಚಿಕನ್ ಹಕ್ಕಾ ನೂಡಲ್ಸ್ ಮಾಡುವ ಹಾಗೆಯೇ ನಾನು ಅದನ್ನೂ ಮಾಡಿದೆ. ಸಣ್ಣಗೆ ಹೆಚ್ಚಿ, ದೊಡ್ಡ ಉರಿಯಲ್ಲಿ ಹುರಿದು, ಮೇಲೆ ಸೋಯಾ ಸಾಸ್ ಹಾಕಿದೆ. ನೂಡಲ್ಸ್ ಚೆನ್ನಾಗಿತ್ತು. ಮಾಂಸ ಮಾತ್ರ ಎಷ್ಟು ಜಗಿದರೂ ಬಾಯಲ್ಲೇ ಉಳಿಯುತ್ತಿತ್ತು. ಮಾವನವರು ಏನೂ ಅನ್ನದೆ ತುಂಡುಗಳನ್ನು ತಾಟಿನ ಅಂಚಿಗೆ ಸರಿಸಿಟ್ಟರು. ಅಷ್ಟು ಪ್ರೀತಿಯಿಂದ ಕಳಿಸಿದ ಹಕ್ಕಿ ಹೀಗಾಯಿತಲ್ಲ ಅಂತ ನನಗೆ ತುಂಬಾ ಬೇಜಾರಾಯಿತು.

ಆಮೇಲೆ ಬೇರೆ ಬೇರೆ ರೀತಿ ಮಾಡಿ ನೋಡಿದ್ದೇನೆ. ಜವಾರಿ ಬಾತಿನಲ್ಲೂ ಮಾಡಿದ್ದೇನೆ, ಫ್ರೋಜನ್ ತಂದೂ ಮಾಡಿದ್ದೇನೆ. ಈಗ ಯಾರಾದರೂ "ಬಾತುಕೋಳಿ ನೂಡಲ್ಸ್ ಹೇಗೆ ಮಾಡೋದು" ಅಂತ ಕೇಳಿದರೆ, "ನಿಮಗೆ ಸಿಕ್ಕಿರೋ ಬಾತು ಯಾವುದು" ಅಂತ ಮೊದಲು ಕೇಳುತ್ತೇನೆ. ದೊಡ್ಡ ಊರಲ್ಲಿ ರೆಸಿಪಿ ಮೊದಲು ಆರಿಸಿ ಮಾಂಸ ಆಮೇಲೆ ತರಬಹುದು. ನಮ್ಮ ಕಡೆ ಅದು ಆಗುವ ಮಾತಲ್ಲ.

ಜವಾರಿ ಬಾತು, ಫ್ರೋಜನ್ ಬಾತು

ಕಲಬುರಗಿಯಲ್ಲಿ ಬಾತುಕೋಳಿ ದಿನಾ ಸಿಗುವ ಮಾಂಸ ಅಲ್ಲ. ಸಾಕಿದವರ ಪರಿಚಯ ಇದ್ದರೆ ಹಳ್ಳಿಯಿಂದ ತರಿಸಬೇಕು. ಇಲ್ಲವೇ ಕೋಳಿ ಅಂಗಡಿಯವರಿಗೆ ಮೂರು ನಾಲ್ಕು ದಿನ ಮೊದಲೇ ಹೇಳಿಡಬೇಕು. ಅಂಗಡಿಯಲ್ಲಿ "ಬತಖ್" ಅನ್ನಿ, ತಕ್ಷಣ ತಿಳಿಯುತ್ತದೆ. ಇನ್ನೊಂದು ದಾರಿ ಹೈದರಾಬಾದಿನ ಫ್ರೋಜನ್ ಬಾತು. ಕಲಬುರಗಿಯಿಂದ ಹೈದರಾಬಾದ್ ಸುಮಾರು 220 ಕಿಲೋಮೀಟರ್, ಬೀದರಿನಿಂದ ಸುಮಾರು 140. ಹಾಗಾಗಿ ಬೀದರಿನವರಿಗೆ ಈ ದಾರಿ ಸುಲಭ. ನಾವಾದರೆ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ತುಂಬಿ, ಮುಚ್ಚಳಕ್ಕೆ ಟೇಪ್ ಸುತ್ತಿ ತರಬೇಕು.

ಎರಡಕ್ಕೂ ಬಾತುಕೋಳಿ ಅಂತಲೇ ಹೆಸರು. ಗುಣ ಪೂರ್ತಿ ಬೇರೆ. ಫ್ರೋಜನ್ನಲ್ಲಿ ಬರುವುದು ಹೆಚ್ಚಾಗಿ ಬಿಳಿ ಪೆಕಿನ್ ತಳಿ. ಮಾಂಸಕ್ಕೆ ಅಂತಲೇ ಸಾಕುವ, ಚೀನಾ ಮೂಲದ ತಳಿ ಅದು. ಆರೇಳು ವಾರಕ್ಕೇ ಕೊಯ್ಯುತ್ತಾರೆ. ಮಾಂಸ ಎಳೆಯದು, ಚರ್ಮದ ಕೆಳಗೆ ದಪ್ಪ ಕೊಬ್ಬು. ಜವಾರಿ ಬಾತು ಹಾಗಲ್ಲ. ಅದು ಓಡಾಡಿರುತ್ತದೆ, ಈಜಿರುತ್ತದೆ, ಎಷ್ಟೋ ಸಲ ಮೊಟ್ಟೆ ಇಡುವುದು ನಿಲ್ಲಿಸಿದ ಮೇಲೆ ಮಾರಾಟಕ್ಕೆ ಬರುತ್ತದೆ. ಕೊಬ್ಬು ಕಡಿಮೆ. ಮಾಂಸದ ಬಣ್ಣ ಕುರಿ ಮಾಂಸಕ್ಕೆ ಹತ್ತಿರ. ನಾರು ಗಟ್ಟಿ. ಆದರೆ ಅದರ ಎಲುಬಿನಿಂದ ಬರುವ ರುಚಿ ಫ್ರೋಜನ್ ಹಕ್ಕಿಯಲ್ಲಿ ಸಿಗುವುದಿಲ್ಲ.

ವಯಸ್ಸು ತಿಳಿಯಬೇಕಾದರೆ ಕೊಕ್ಕು ಒತ್ತಿ ನೋಡಿ. ಎಳೆ ಬಾತಿನ ಕೊಕ್ಕು ಮೆತ್ತಗೆ ಬಾಗುತ್ತದೆ, ಗಂಟಲ ನಳಿಕೆಯೂ ಒತ್ತಿದರೆ ಸುಲಭವಾಗಿ ತಗ್ಗುತ್ತದೆ. ಮುದಿ ಬಾತಿನದು ಎರಡೂ ಗಟ್ಟಿ. ಒಮ್ಮೆ ನಾನು ಹೀಗೆ ಕೊಕ್ಕು ಒತ್ತುತ್ತಿದ್ದಾಗ ಅಂಗಡಿಯವರೇ ಹೇಳಿದರು: "ಅಕ್ಕಾರ, ಇದು ಹಳೀ ಬತಖ್ ಅದ. ಕುಕ್ಕರ್‌ದಾಗ ಇಡ್ರಿ, ಕಡಾಯಿದಾಗ ಆಗಂಗಿಲ್ಲ." ಅಷ್ಟು ಖಚಿತವಾಗಿ ಹೇಳುವ ಅಂಗಡಿ ಸಿಕ್ಕರೆ ಬಿಡಬೇಡಿ.

ಕೊಯ್ಯಿಸುವಾಗ ಒಂದು ಮಾತು ಮರೆಯದೆ ಹೇಳಿ: ಚರ್ಮ ಸುಲಿಯಬೇಡಿ. ನಮ್ಮ ಅಂಗಡಿಗಳಲ್ಲಿ ಕೋಳಿ ಸುಲಿದು ಕೊಡುವುದೇ ರೂಢಿ. ಬಾತಿನ ಪುಕ್ಕ ಕೀಳುವುದು ಕಷ್ಟದ ಕೆಲಸ ಬೇರೆ. ಒಳಪದರದ ಮೆತ್ತನೆ ತುಪ್ಪಟ ಬಿಡುವುದೇ ಇಲ್ಲ. ಹಾಗಾಗಿ ಕೇಳದೇ ಸುಲಿದುಬಿಡುತ್ತಾರೆ. ಚರ್ಮ ಹೋದರೆ ಕೊಬ್ಬೂ ಹೋಯಿತು, ಬಾತಿನ ರುಚಿ ಅರ್ಧ ಅಲ್ಲೇ ಹೋಯಿತು. ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟಾದರೂ ಪುಕ್ಕ ಕೀಳಿಸಿ. ಉಳಿದ ಮುಳ್ಳುಪುಕ್ಕಗಳನ್ನು ಮನೆಯಲ್ಲಿ ಚಿಮಟದಿಂದ ಕಿತ್ತು, ಗ್ಯಾಸ್ ಉರಿಯ ಮೇಲೆ ಒಮ್ಮೆ ಸುಟ್ಟು ತೊಳೆದರೆ ಸಾಕು.

ಇನ್ನೊಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಬಾಲದ ಬುಡದ ಮೇಲ್ಭಾಗದಲ್ಲಿ, ಚರ್ಮದ ಕೆಳಗೆ, ಹಳದಿ ಬಣ್ಣದ ಜೋಡಿ ಗಂಟು ಇರುತ್ತದೆ. ಪುಕ್ಕ ನೀರಿನಲ್ಲಿ ನೆನೆಯದಿರಲಿ ಅಂತ ಹಕ್ಕಿ ಕೊಕ್ಕಿನಿಂದ ಎಣ್ಣೆ ತೆಗೆದು ಮೈಗೆಲ್ಲ ಹಚ್ಚಿಕೊಳ್ಳುತ್ತದೆ ನೋಡಿ, ಆ ಎಣ್ಣೆ ಬರುವುದು ಇಲ್ಲಿಂದ. ಈ ಗಂಟನ್ನು ಸುತ್ತಲಿನ ಮಾಂಸದ ಸಮೇತ ಕತ್ತರಿಸಿ ಬಿಸಾಡಿ. "ಬಾತು ವಾಸನೆ ಬರುತ್ತದೆ, ನಮಗೆ ಬೇಡ" ಅನ್ನುವ ಎಷ್ಟೋ ಜನರ ತಕರಾರು ಇದೊಂದರಿಂದಲೇ ಕಡಿಮೆಯಾಗುತ್ತದೆ.

ಫ್ರೋಜನ್ ತಂದರೆ ಕರಗಿಸುವ ವಿಷಯದಲ್ಲಿ ಆತುರ ಬೇಡ. ಎರಡು ಕಿಲೋ ಹಕ್ಕಿಗೆ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಒಂದು ದಿನದಿಂದ ಒಂದೂವರೆ ದಿನ ಬೇಕು. ಮುಂಜಾನೆ ಅಡುಗೆಕಟ್ಟೆಯ ಮೇಲಿಟ್ಟು ಮಧ್ಯಾಹ್ನ ಹೆಚ್ಚುವ ಅಭ್ಯಾಸ ಈ ಊರಿಗೆ ಆಗದು. ಹಸಿ ಮಾಂಸ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು. 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ನಮ್ಮಲ್ಲಿ ಬೇಸಿಗೆ ಅಂದರೆ 40 ದಾಟುತ್ತದೆ, ಅಲ್ವಾ?

ಜವಾರಿ ಹಕ್ಕಿಗೆ ಸೂಪು

ಜವಾರಿ ಬಾತು ಸಿಕ್ಕರೆ ಎರಡನೇ ಯೋಚನೆ ಬೇಡ, ಸೂಪ್ ನೂಡಲ್ಸ್ ಮಾಡಿ. ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಚಾವೊಝೌ ಅಂತ ಒಂದು ಊರಿದೆ. ಸೋಯಾ ಸಾಸ್ ಮತ್ತು ಮಸಾಲೆ ಹಾಕಿದ ಎಸರಿನಲ್ಲಿ ಬಾತನ್ನು ನಿಧಾನವಾಗಿ ಬೇಯಿಸುವುದಕ್ಕೆ ಆ ಕಡೆಯ ಜನ ಹೆಸರಾದವರು. ಅಲ್ಲಿಂದ ಥಾಯ್ಲೆಂಡಿಗೆ ವಲಸೆ ಹೋದವರ ಜೊತೆ ಈ ಅಡುಗೆಯೂ ಹೋಯಿತು. ಇವತ್ತು ಬ್ಯಾಂಕಾಕಿನ ಬೀದಿಯಲ್ಲಿ ಸಿಗುವ ಬಾತು ನೂಡಲ್ಸ್ ಸೂಪು ಈ ವಂಶದ್ದೇ. ಚಕ್ರಮೊಗ್ಗು, ಚಕ್ಕೆ, ಲವಂಗ, ಶುಂಠಿ, ಬಳ್ಳೊಳ್ಳಿ, ಸಿಹಿಗೆ ಸ್ವಲ್ಪ ಸಕ್ಕರೆ. ಓದಿದಾಗಲೇ ನನಗೆ ಮಸಾಲೆ ಹಾಕಿ ನಿಧಾನವಾಗಿ ಬೇಯಿಸುವ ಮಾಂಸದ ಸಾರು, ನಹಾರಿ, ನೆನಪಾಯಿತು. ದರ್ಗಾ ರಸ್ತೆಯಲ್ಲಿ ಪಾಯಾ, ನಹಾರಿ ಕುಡಿದು ಗೊತ್ತಿದ್ದವರಿಗೆ ಈ ಸೂಪು ಮೊದಲ ಗುಟುಕಿಗೇ ಪರಿಚಯದ್ದು ಅನಿಸುತ್ತದೆ.

ನಾನು ಮಾಡುವುದು ಹೀಗೆ. ಒಂದೂಕಾಲು ಕಿಲೋ ಬಾತನ್ನು ಎಂಟು ದೊಡ್ಡ ತುಂಡು ಮಾಡುತ್ತೇನೆ. ಸಣ್ಣ ತುಂಡು ಮಾಡಿದರೆ ಎಲುಬಿನ ಚೂರು ಸೂಪಿಗೆ ಬರುತ್ತದೆ. ಕುದಿಯುವ ನೀರಿಗೆ ಹಾಕಿ ಮೂರು ನಿಮಿಷ ಬಿಟ್ಟು, ನೊರೆ ಬಂದ ಆ ನೀರು ಚೆಲ್ಲಿ, ತುಂಡು ತೊಳೆಯುತ್ತೇನೆ. ಆಮೇಲೆ ಕುಕ್ಕರಿನಲ್ಲೇ ಒಂದು ಚಮಚ ಎಣ್ಣೆ ಹಾಕಿ ಚರ್ಮದ ಕಡೆ ಕೆಂಪಗಾಗುವ ತನಕ ಹುರಿಯುತ್ತೇನೆ. ಎರಡು ಚಕ್ರಮೊಗ್ಗು, ಬೆರಳುದ್ದ ಚಕ್ಕೆ, ನಾಲ್ಕು ಲವಂಗ, ಒಂದು ಟೀ ಚಮಚ ಬಡೇಸೋಪು, ಇಷ್ಟನ್ನೂ ನಹಾರಿಗೆ ಕಟ್ಟುವ ಪೋಟ್ಲಿಯ ಹಾಗೆ ತೆಳು ಬಟ್ಟೆಯಲ್ಲಿ ಕಟ್ಟಿ ಹಾಕುತ್ತೇನೆ. ಹೆಬ್ಬೆರಳಷ್ಟು ಹಸಿ ಶುಂಠಿ ಜಜ್ಜಿ ಹಾಕುತ್ತೇನೆ, ಒಂದು ಇಡೀ ಬಳ್ಳೊಳ್ಳಿ ಗಡ್ಡೆಯನ್ನು ಅಡ್ಡಕ್ಕೆ ಕೊಯ್ದು ಇಡುತ್ತೇನೆ. ನಾಲ್ಕು ದೊಡ್ಡ ಚಮಚ ಸೋಯಾ ಸಾಸ್, ಒಂದು ದೊಡ್ಡ ಚಮಚ ಬೆಲ್ಲದ ಪುಡಿ, ಒಂದೂಮುಕ್ಕಾಲು ಲೀಟರ್ ನೀರು. ಉಪ್ಪು ಈಗ ಬೇಡ. ಸೋಯಾ ಸಾಸಿನಲ್ಲೇ ಬೇಕಾದಷ್ಟಿದೆ, ಕೊನೆಗೆ ರುಚಿ ನೋಡಿ ಹಾಕಿದರಾಯಿತು.

ದೊಡ್ಡ ಉರಿಯಲ್ಲಿ ಎರಡು ಸೀಟಿ. ಆಮೇಲೆ ಸಣ್ಣ ಉರಿಯಲ್ಲಿ 35 ನಿಮಿಷ. ಕುಕ್ಕರ್ ತಾನಾಗಿ ತಣಿದ ಮೇಲೆ ತೊಡೆಯ ತುಂಡಿಗೆ ಚಮಚದ ತುದಿ ಒತ್ತಿ. ಮಾಂಸ ಎಲುಬಿನಿಂದ ಜಾರಬೇಕು. ಜಾರದಿದ್ದರೆ ಇನ್ನೂ ಹತ್ತು ನಿಮಿಷ. ಮುದಿ ಹಕ್ಕಿಗೆ ನಾನು ಒಟ್ಟು ಒಂದು ಗಂಟೆ ಇಟ್ಟದ್ದೂ ಉಂಟು. ಕುಕ್ಕರ್ ಬೇಡ, ಬೋಗುಣಿಯಲ್ಲೇ ಕುದಿಸುತ್ತೇನೆ ಅಂದರೆ ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ಸೂಪು ಇನ್ನೂ ತಿಳಿಯಾಗಿ ಬರುತ್ತದೆ, ನಿಜ. ಆದರೆ ಅಷ್ಟು ಹೊತ್ತು ಒಲೆ ಉರಿಸುವ ಲಾಭ ನನಗೆ ಕಾಣಲಿಲ್ಲ.

ಆಗುವುದಾದರೆ ಹಿಂದಿನ ರಾತ್ರಿಯೇ ಮಾಡಿಟ್ಟುಬಿಡಿ. ಮುಂಜಾನೆ ಫ್ರಿಜ್ಜಿನಿಂದ ತೆಗೆದರೆ ಮೇಲೆ ಕೊಬ್ಬು ತುಪ್ಪದ ಹಾಗೆ ಹೆಪ್ಪುಗಟ್ಟಿರುತ್ತದೆ. ಕೆಳಗಿನ ಸೂಪು ಜೆಲ್ಲಿಯ ಹಾಗೆ ಅಲುಗಾಡುತ್ತಿದ್ದರೆ ಎಲುಬಿನ ಸತ್ವ ಸರಿಯಾಗಿ ಇಳಿದಿದೆ ಅಂತ ಅರ್ಥ. ಆ ಕೊಬ್ಬನ್ನು ಬಿಸಾಡಬೇಡಿ. ಅದರಲ್ಲೇ ಸಣ್ಣಗೆ ಹೆಚ್ಚಿದ ಬಳ್ಳೊಳ್ಳಿಯನ್ನು ಹೊನ್ನಿನ ಬಣ್ಣಕ್ಕೆ ಹುರಿದಿಡಿ. ಬಡಿಸುವಾಗ ಬೇರೆಯಾಗಿ ಬೇಯಿಸಿದ ನೂಡಲ್ಸ್, ಅದರ ಮೇಲೆ ಒಂದು ಹಿಡಿ ಮೊಳಕೆ ಹೆಸರು, ಮೇಲೆ ಮಾಂಸ, ಮೇಲೆ ಕುದಿಯುವ ಸೂಪು. ಕೊನೆಗೆ ಹುರಿದ ಬಳ್ಳೊಳ್ಳಿ, ಉಳ್ಳಾಗಡ್ಡಿ ತಪ್ಪಲು, ಕೊತ್ತಂಬರಿ. ಪಕ್ಕಕ್ಕೆ ಒಂದು ಬಟ್ಟಲಲ್ಲಿ ಹಸಿಮೆಣಸಿನಕಾಯಿಯನ್ನು ವಿನೆಗರ್‌ನಲ್ಲಿ ನೆನೆಸಿಡಿ. ಥಾಯ್ ಜನ ಮೇಜಿನ ಮೇಲೆ ಇಡುವುದೂ ಇದನ್ನೇ. ಆ ಹುಳಿ ಇಲ್ಲದಿದ್ದರೆ ಬಾತಿನ ಕೊಬ್ಬು ನಾಲಿಗೆಗೆ ಜಿಡ್ಡು ಅನಿಸುತ್ತದೆ.

ಎಳೆ ಹಕ್ಕಿಗೆ ಫ್ರೈ

ಫ್ರೋಜನ್ ಬಾತು ತಂದಿದ್ದರೆ ಎದೆಯ ಎರಡು ತುಂಡನ್ನು ಫ್ರೈ ನೂಡಲ್ಸಿಗೆ ಇಟ್ಟುಕೊಳ್ಳಿ. ಆ ಮಾಂಸವನ್ನು ಕುಕ್ಕರಿಗೆ ಹಾಕುವುದು ನನಗೆ ಸರಿ ಕಾಣುವುದಿಲ್ಲ, ಒಣಗಿ ಪುಡಿಪುಡಿ ಆಗುತ್ತದೆ. ಕಾಲು ಮತ್ತು ಎಲುಬು ಮೇಲೆ ಹೇಳಿದ ಸೂಪಿಗೆ ಹೋಗಲಿ. ಎಳೆ ಹಕ್ಕಿಯಾದ್ದರಿಂದ 20 ನಿಮಿಷ ಸಾಕು.

ಎದೆ ತುಂಡಿನ ಚರ್ಮದ ಮೇಲೆ ಚಾಕುವಿನಿಂದ ಶಂಕರಪೋಳಿಗೆ ಗೀರುವ ಹಾಗೆ ಗೀರಿ. ಗೀರು ಕೊಬ್ಬಿನ ತನಕ ಮಾತ್ರ, ಮಾಂಸಕ್ಕೆ ತಾಗಬಾರದು. ಇನ್ನೊಂದು ಮುಖ್ಯ ಸಂಗತಿ, ಬಾಣಲೆ ತಣ್ಣಗಿರಬೇಕು. ಎಣ್ಣೆ ಬೇಡ. ಚರ್ಮ ಕೆಳಗೆ ಮಾಡಿ ಇಟ್ಟು, ಆಮೇಲೆ ಒಲೆ ಹಚ್ಚಿ, ಸಣ್ಣ ಉರಿ. ಬಿಸಿ ಬಾಣಲೆಗೆ ಹಾಕಿದರೆ ಚರ್ಮ ಮೇಲ್ಮೇಲೆ ಸೀದು ಒಳಗೆ ಕೊಬ್ಬು ಹಾಗೇ ಉಳಿಯುತ್ತದೆ. ಎರಡು ಮೂರು ನಿಮಿಷಕ್ಕೆ ಅಂಚಿನಲ್ಲಿ ಕೊಬ್ಬು ಕರಗಿ ಸಣ್ಣಗೆ ಚಿಟಚಿಟ ಅನ್ನತೊಡಗುತ್ತದೆ. ಹನ್ನೆರಡು ನಿಮಿಷದ ಹೊತ್ತಿಗೆ ಚರ್ಮ ತೆಳ್ಳಗಾಗಿ, ಶೇಂಗಾ ಹುರಿದ ಬಣ್ಣಕ್ಕೆ ಬಂದಿರುತ್ತದೆ. ನಡುನಡುವೆ ಕೊಬ್ಬನ್ನು ಸ್ಟೀಲ್ ಡಬ್ಬಿಗೆ ಬಗ್ಗಿಸಿಕೊಳ್ಳಿ. ತಿರುವಿ ಹಾಕಿ ಐದಾರು ನಿಮಿಷ. ಹೋಟೆಲಿನವರು ಒಳಗೆ ಗುಲಾಬಿ ಬಣ್ಣ ಇರುವಾಗಲೇ ಇಳಿಸುತ್ತಾರೆ. ಮನೆಯಲ್ಲಿ ಮಕ್ಕಳು, ಹಿರಿಯರು ತಿನ್ನುತ್ತಾರೆ, ನಾನು ಪೂರ್ತಿ ಬೇಯಿಸುತ್ತೇನೆ. ಥರ್ಮಾಮೀಟರ್ ಇದ್ದರೆ ಒಳಗಿನ ಬಿಸಿ 74 ಡಿಗ್ರಿ ತಲುಪಲಿ. ಇಳಿಸಿದ ಮೇಲೆ ಐದು ನಿಮಿಷ ಬಿಟ್ಟು, ನಾರಿಗೆ ಅಡ್ಡಲಾಗಿ ತೆಳ್ಳಗೆ ಕೊಯ್ಯಿರಿ.

ನೂಡಲ್ಸ್ ಹುರಿಯುವುದಕ್ಕೆ ಅದೇ ಬಾತಿನ ಕೊಬ್ಬು ಎರಡು ಚಮಚ ಸಾಕು. ಬಳ್ಳೊಳ್ಳಿ, ಎಲೆಕೋಸು, ಗಜ್ಜರಿ, ಡೊಣಮೆಣಸಿನಕಾಯಿ ದೊಡ್ಡ ಉರಿಯಲ್ಲಿ ಎರಡು ನಿಮಿಷ. ಆಮೇಲೆ ನೂಡಲ್ಸ್, ಸೋಯಾ ಸಾಸ್, ಕಾಳುಮೆಣಸಿನ ಪುಡಿ, ಒಂದು ಚಮಚ ವಿನೆಗರ್. ಮಾಂಸ ಕೊನೆಗೆ ಮೇಲೆ ಇಡಿ. ಕಡಾಯಿಯಲ್ಲಿ ಕಲೆಸಿದರೆ ಅಷ್ಟು ಕಷ್ಟಪಟ್ಟು ಗರಿಗರಿ ಮಾಡಿದ ಚರ್ಮ ಮೆತ್ತಗಾಗುತ್ತದೆ. ಒಂದು ಸಲಕ್ಕೆ ಇಬ್ಬರಿಗಾಗುವಷ್ಟೇ ಮಾಡಿ. ಬೀದಿ ಗಾಡಿಯವರ ಒಲೆಯ ಉರಿ ನಮ್ಮ ಮನೆ ಗ್ಯಾಸಿಗೆ ಇಲ್ಲ. ಜಾಸ್ತಿ ತುಂಬಿದರೆ ಹುರಿಯುವ ಬದಲು ಬೆಂದು ಮುದ್ದೆಯಾಗುತ್ತದೆ.

ರೋಸ್ಟ್ ಮಾಡಿ ಸೂಪಿನ ಮೇಲೆ ಇಡುವ ಹಾಂಗ್‌ಕಾಂಗ್ ಕಡೆಯ ಪದ್ಧತಿಯೂ ಇದೆ. ಹಕ್ಕಿಯನ್ನು ಒಂದು ದಿನ ಫ್ರಿಜ್ಜಿನಲ್ಲಿ ತೆರೆದಿಟ್ಟು ಚರ್ಮ ಒಣಗಿಸಬೇಕು, ಆಮೇಲೆ ಒಟಿಜಿ ಓವನ್ನಿನಲ್ಲಿ 180 ಡಿಗ್ರಿಗೆ ಸುಮಾರು ಎರಡು ಗಂಟೆ. ಡಿಸೆಂಬರ್, ಜನವರಿಯಲ್ಲಿ ಮಾಡಬಹುದು. ಬೇಸಿಗೆಯಲ್ಲಿ ಅಡುಗೆಮನೆಯಲ್ಲಿ ನಿಲ್ಲುವುದಕ್ಕೇ ಆಗುವುದಿಲ್ಲ. ಜವಾರಿ ಹಕ್ಕಿಗೆ ಇದು ಬೇಡವೇ ಬೇಡ. ಒಣ ಬಿದಿರು ಕಳಲೆ ಹಾಕುವ ವಿಯೆಟ್ನಾಮಿನ ಬಾತು ಸೂಪು, ಬಕ್‌ವೀಟ್ ಅನ್ನುವ ಕಾಳಿನ ಹಿಟ್ಟಿನ ನೂಡಲ್ಸಿನ ಜಪಾನೀ ಪದ್ಧತಿ, ಎರಡನ್ನೂ ಬಿಟ್ಟುಬಿಡಿ. ಮುಖ್ಯ ಸಾಮಾನೇ ಇಲ್ಲಿ ಸಿಗುವುದಿಲ್ಲ, ಬದಲಿ ಹಾಕಿ ಮಾಡಿದರೆ ಅದು ಆ ಅಡುಗೆಯಾಗಿ ಉಳಿಯುವುದಿಲ್ಲ.

ಯಾವ ನೂಡಲ್ಸ್?

ಫ್ರೈಗೆ ಪ್ಯಾಕೆಟ್ಟಿನ ಹಕ್ಕಾ ನೂಡಲ್ಸೇ ಸರಿ. ಪ್ಯಾಕೆಟ್ ಮೇಲೆ ಬರೆದ ಸಮಯಕ್ಕಿಂತ ಒಂದು ನಿಮಿಷ ಮೊದಲೇ ಬಸಿದು, ತಣ್ಣೀರಿನಲ್ಲಿ ತೊಳೆದು, ಎಣ್ಣೆ ಸವರಿ ಹರಡಿಡಿ. ಸೂಪಿಗೆ ನನ್ನ ಆಯ್ಕೆ ಅಕ್ಕಿ ನೂಡಲ್ಸ್. ದೊಡ್ಡ ಸೂಪರ್ ಮಾರ್ಕೆಟ್ಟಿನಲ್ಲಿ ಇಲ್ಲವೇ ಆನ್‌ಲೈನಿನಲ್ಲಿ ಸಿಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬಡಿಸುವ ಮೊದಲು ಕುದಿಯುವ ನೀರಿನಲ್ಲಿ ಒಂದು ನಿಮಿಷ ಮುಳುಗಿಸಿದರೆ ಸಾಕು. ಅದು ಸೂಪನ್ನು ರಾಡಿ ಮಾಡುವುದಿಲ್ಲ, ತನ್ನ ರುಚಿಯನ್ನೂ ಮುಂದೆ ಮಾಡುವುದಿಲ್ಲ. ಹಕ್ಕಾ ನೂಡಲ್ಸ್ ಸೂಪಿನಲ್ಲೂ ನಡೆಯುತ್ತದೆ, ಹತ್ತು ನಿಮಿಷದಲ್ಲಿ ಉಬ್ಬುತ್ತದೆ ಅಷ್ಟೇ. ಎರಡು ನಿಮಿಷದ ಮಸಾಲೆ ನೂಡಲ್ಸನ್ನು ಮಾತ್ರ ಇದಕ್ಕೆ ಹಾಕಬೇಡಿ. ಅದನ್ನು ಎಣ್ಣೆಯಲ್ಲಿ ಕರಿದಿರುತ್ತಾರೆ, ಬಾತಿನ ಕೊಬ್ಬಿನ ಜೊತೆ ಸೇರಿ ಭಾರ ಆಗುತ್ತದೆ.

ಮತ್ತೆ ನಮ್ಮ ಶಾವಿಗೆ. ಅತ್ತೆ ಪ್ರತಿ ಬೇಸಿಗೆಯಲ್ಲಿ ಜವಾರಿ ಗೋಧಿಯ ಶಾವಿಗೆ ಮಾಡಿಸಿ ಡಬ್ಬಿ ತುಂಬಿಸಿಡುತ್ತಾರೆ. ಅದನ್ನೇ ಯಾಕೆ ಹಾಕಬಾರದು ಅಂತ ನೇರವಾಗಿ ಸೂಪಿಗೆ ಹಾಕಿದೆ. ಎರಡೇ ನಿಮಿಷಕ್ಕೆ ಕರಗಿ ಗಂಜಿಯಾಯಿತು. ಚೀನಾದ ಗೋಧಿ ನೂಡಲ್ಸಿನ ಹಿಟ್ಟಿಗೆ ಹಲವು ಕಡೆ ಕ್ಷಾರದ ಉಪ್ಪು ಹಾಕಿ ನಾದುತ್ತಾರೆ. ಹಳದಿ ಬಣ್ಣ, ಜಗಿಯುವ ಗಟ್ಟಿತನ ಅದರಿಂದ ಬರುತ್ತದೆ. ಶಾವಿಗೆಯಲ್ಲಿ ಅದಿಲ್ಲ, ಎಳೆಯೂ ಕೂದಲಷ್ಟು ತೆಳು. ಆದರೆ ಅತ್ತೆ ಅಷ್ಟಕ್ಕೇ ಬಿಡಲಿಲ್ಲ. "ಪಾಯಸಕ್ಕ ಹುರಿದೇ ಹಾಕ್ತೀವಲ್ಲ, ಇದಕ್ಕೂ ಹುರದ ನೋಡವಾ" ಅಂದರು. ಬಾತಿನ ಕೊಬ್ಬಿನಲ್ಲಿ ಕಂದು ಬಣ್ಣಕ್ಕೆ ಹುರಿದು, ಬಟ್ಟಲಿಗೆ ಹಾಕಿ, ಮೇಲೆ ಕುದಿಯುವ ಸೂಪು ಸುರಿದು ಆಗಲೇ ತಿಂದೆವು. ಐದು ನಿಮಿಷ ಗಟ್ಟಿಯಾಗಿ ನಿಂತಿತು. ಹುರಿದ ಗೋಧಿಯ ಘಮ ಸೂಪಿಗೂ ಇಳಿಯಿತು. ಬ್ಯಾಂಕಾಕಿನ ರುಚಿ ಅದಲ್ಲ. ನನಗೆ ಮಾತ್ರ ಈಗ ಅಕ್ಕಿ ನೂಡಲ್ಸಿಗಿಂತ ಇದೇ ಇಷ್ಟ. ಅತಿಥಿಗಳು ಬಂದಾಗ ಮಾಡುವುದಿಲ್ಲ, ಯಾಕೆಂದರೆ ಎಲ್ಲರೂ ಒಟ್ಟಿಗೆ ಕೂತು ಆಗಲೇ ತಿನ್ನಬೇಕು.

ಸೋಯಾ ಸಾಸಿನ ವಿಷಯದಲ್ಲಿ ಬಾಟಲಿಯ ಹಿಂದೆ ಓದಿ. ಸೋಯಾ, ಗೋಧಿ, ಉಪ್ಪು, ನೀರು ಇವು ಮೊದಲು ಇದ್ದರೆ ಅದು ಹುದುಗಿಸಿ ಮಾಡಿದ್ದು. ಬಣ್ಣ, ಆಮ್ಲ, ಕ್ಯಾರಮೆಲ್ ಹೆಸರುಗಳೇ ಜಾಸ್ತಿ ಇದ್ದರೆ ಸೂಪಿಗೆ ಬೇಡ. ಮಳೆಗಾಲದಲ್ಲಿ ಬೀದರ್ ಕಡೆ ಹೋದರೆ ದಾರಿಯುದ್ದಕ್ಕೂ ಸೋಯಾ ಹೊಲ. ಅಷ್ಟು ಸೋಯಾ ಬೆಳೆಯುವ ನಾಡಿನಲ್ಲಿ ಒಳ್ಳೆಯ ಸೋಯಾ ಸಾಸ್ ಹುಡುಕಿ ತರಬೇಕಲ್ಲ ಅಂತ ಪ್ರತಿ ಸಲ ಅನಿಸುತ್ತದೆ. ಫ್ರೈಗೆ ಸಾದಾ ಸಾಸ್ ನಡೆಯುತ್ತದೆ. ಸೂಪಿನಲ್ಲಿ ಅದೇ ಮುಖ್ಯ ರುಚಿ, ಅಲ್ಲಿ ದುಡ್ಡು ಉಳಿಸಬೇಡಿ.

ಎಷ್ಟು ಜನಕ್ಕೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬಾತಿನಲ್ಲಿ ಎಲುಬು, ಕೊಬ್ಬು ಜಾಸ್ತಿ, ಕೋಳಿಯಷ್ಟು ಮಾಂಸ ಸಿಗುವುದಿಲ್ಲ. ಎರಡು ಕಿಲೋ ಹಕ್ಕಿಯ ಎದೆ ತುಂಡಿನಿಂದ ಮೂರು ಜನಕ್ಕೆ ಫ್ರೈ ಆಗುತ್ತದೆ. ಅದೇ ಒಂದೂಕಾಲು ಕಿಲೋ ಜವಾರಿ ಬಾತಿನ ಸೂಪು ಐದು ಜನಕ್ಕೆ ಧಾರಾಳ. ಉಳಿದರೆ ಸೂಪು ಮತ್ತು ಮಾಂಸ ಒಂದು ಡಬ್ಬಿಯಲ್ಲಿ, ನೂಡಲ್ಸ್ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿಗೆ ಹಾಕಿ. ಮರುದಿನ ಸೂಪನ್ನು ಚೆನ್ನಾಗಿ ಕುದಿಸಿ, ಅದರಲ್ಲಿ ಕಟಕ ಜೋಳದ ರೊಟ್ಟಿ ಮುರಿದು ಹಾಕಿಕೊಂಡು ಮಾವನವರು ಊಟ ಮಾಡುತ್ತಾರೆ. ಈಗ ಅವರ ತಾಟಿನ ಅಂಚಿನಲ್ಲಿ ಉಳಿಯುವುದು ಬರೀ ಎಲುಬು.